ಇಟಲಿಯ ನೇಪಲ್ಸ್‌ನಲ್ಲಿ ಮೂರು ದಿನ: ಮೈಸೂರಿನಿಂದ ಹೊರಡುವವರಿಗೆ

ಮೊದಲು ವೀಸಾ. ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ 6 ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಕಡೇ ಗಡುವು ಪ್ರಯಾಣಕ್ಕೆ 15 ದಿನ ಮೊದಲು, ಅಲ್ಲೀವರೆಗೆ ಕಾಯಬೇಡಿ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋಗಿರಲಿ.

ಮೊದಲ ದಿನ ಹಳೇ ಊರಿನ ಸ್ಪಾಕ್ಕನಾಪೋಲಿ ಬೀದಿಯನ್ನು ನಡೆದೇ ನೋಡಿ. ದೇವರಾಜ ಮಾರುಕಟ್ಟೆಯ ಗದ್ದಲ ಕಂಡವರಿಗೆ ಇದು ಹೊಸದಲ್ಲ. ಆದರೆ ಸ್ಕೂಟರ್‌ಗಳು ಓಣಿಯೊಳಗೇ ನುಗ್ಗುತ್ತವೆ, ಬ್ಯಾಗ್ ಗೋಡೆ ಕಡೆಯ ಹೆಗಲಲ್ಲಿರಲಿ. ಪುರಾತತ್ವ ಮ್ಯೂಸಿಯಂಗೆ ಮಂಗಳವಾರ ರಜೆ.

ಎರಡನೇ ದಿನ ಪೂರ್ತಿ ಹಳೇ ರೋಮನ್ ನಗರದ ಅವಶೇಷವಾದ ಪಾಂಪೇಗೆ. ಗರಿಬಾಲ್ಡಿ ನಿಲ್ದಾಣದಲ್ಲಿ ಸೊರೆಂಟೊ ಕಡೆಯ ಚಿರ್ಕುಮ್‌ವೆಸುವಿಯಾನಾ ರೈಲು ಹತ್ತಿ, 'ಪಾಂಪೇ ಸ್ಕಾವಿ'ಯಲ್ಲಿ ಇಳಿಯಿರಿ. ಬರೀ 'ಪಾಂಪೇ' ಎಂಬ ನಿಲ್ದಾಣಗಳೂ ಇವೆ, ಎಡವಟ್ಟಾಗುವುದು ಅಲ್ಲೇ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿ ಮುಚ್ಚಿದ ಬೀದಿಗಳ ಕಲ್ಲುಹಾಸಿನಲ್ಲಿ ಗಾಡಿ ಚಕ್ರ ಕೊರೆದ ಗೆರೆಗಳು ಇನ್ನೂ ಆಳವಾಗಿವೆ. ಚಪ್ಪಲಿಯಲ್ಲಿ ಕಾಲು ಉಳುಕೀತು, ಶೂ ಹಾಕಿ. ನೆರಳು ಕಡಿಮೆ, ಟೋಪಿ ಮತ್ತು ನೀರಿನ ಬಾಟಲಿ ಬೇಕೇ ಬೇಕು.

ಸಸ್ಯಾಹಾರಿಗಳು ಗಮನಿಸಿ: ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೆ, ಚೀಸ್ ಕೂಡ ಇಲ್ಲ. ಮೋಸವಾಗುವುದು ಸಿಹಿ, ಕುರುಕಲು ತಿಂಡಿಗಳಲ್ಲಿ. ಪದರ ಪದರವಾಗಿ ಗರಿಗರಿ ಎನ್ನುವ ಸಿಹಿತಿಂಡಿ ಸ್ಫೋಲ್ಯಾತೆಲ್ಲಾಗೂ, ಬಳೆಯಾಕಾರದ ಖಾರದ ಕುರುಕಲು ತರಾಲ್ಲಿಗೂ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು ಹಾಕುತ್ತಾರೆ. "ಸೆನ್ಸಾ ಸ್ಟ್ರುಟ್ಟೊ?" (ಹಂದಿ ಕೊಬ್ಬು ಇಲ್ಲದ್ದೇ?) ಎಂದು ಕೇಳಿಯೇ ಕೊಳ್ಳಿ.

ಮೂರನೇ ದಿನ ಕಡಲ ದಂಡೆ ಸಾಕು. ಕಾಫಿಯನ್ನು ಕೌಂಟರ್ ಬಳಿ ನಿಂತೇ ಕುಡಿಯಿರಿ, ಕೂತರೆ ಬೆಲೆ ಏರುತ್ತದೆ. ನಮ್ಮ ಫಿಲ್ಟರ್ ಕಾಫಿಯ ಲೋಟ ನಿರೀಕ್ಷಿಸಬೇಡಿ. ಬರುವುದು ಎರಡು ಗುಟುಕು, ಹಾಲಿಲ್ಲದ್ದು.