ಫ್ಯಾಂಟಸಿ ಕಾದಂಬರಿ ಬರೀಬೇಕಂದ್ರ ಮೊದಲ ಎತ್ತಿಗೆ ಮೇವು ಹಾಕ್ರಿ

ನಾ ವಿಜಯಪುರದಾಗ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಾಗ ಲೆಕ್ಕ ಬರಿಯಾಂವ, ಓದಿದ್ದು ಬಿಕಾಂ, ಸಾಹಿತ್ಯದ ಕ್ಲಾಸಿನಾಗ ಒಂದಿನಾನೂ ಕುಂತಿಲ್ಲ. ಆದ್ರೂ ನಾಕು ವರ್ಷದಿಂದ ಫ್ಯಾಂಟಸಿ ಬರ್ಯಾಕತ್ತೀನಿ, ಯಾರ ಕಡೆ ಕಲ್ತಿ ಅಂತ ಮಂದಿ ಕೇಳ್ತಾರ, ಯಾರ ಕಡೆನೂ ಇಲ್ರಿ, ಹರದು ಒಗದ ಹಾಳಿ ಕಡೆಯಿಂದ ಕಲ್ತಿದ್ದು. ಮೊದಲ್ನೇ ಸಲ 90 ಪೇಜ್ ಬರದಿದ್ದೆ, ಹಿಮದ ಬೆಟ್ಟ, ಮ್ಯಾಲೊಂದು ಕೋಟಿ, ಡ್ರ್ಯಾಗನ್, ಉದ್ದನ್ನ ಕರೇ ಕೋಟ್ ಹಾಕ್ಕೊಂಡ ಹುಡುಗ, ಎಲ್ಲಾ ಇತ್ತು. ನಮ್ಮ ಕಾಕಾನ ಮಗಳು ಓದಿ ಒಂದ ಮಾತು ಕೇಳಿದ್ಳು, "ಅಣ್ಣಾ, ನೀ ಬರ್ಫ್ ಫ್ರಿಜ್ಜಿನಾಗ ಬಿಟ್ಟು ಬ್ಯಾರೆ ಎಲ್ಲರೆ ನೋಡೀಯೇನು?"

ಹಂಗಂತ ಹಿಮ ಬರೀಬಾರದು ಅಂತಲ್ಲ, ಕಣ್ಣಿಲೆ ನೋಡಲಾರದ್ದನ್ನ ಬರಿಯೋದ ಫ್ಯಾಂಟಸಿ. ಆದ್ರ ನೋಡಲಾರದ ಒಂದು ಸಂಗತಿ ಓದೋರು ನಂಬಬೇಕಂದ್ರ ಅದರ ಸುತ್ತ ನೀವು ಕೈಲೆ ಮುಟ್ಟಿದ ಹತ್ತು ಸಂಗತಿ ಇರಬೇಕು, ನನಗ ತಿಳಿದಷ್ಟಕ್ಕ ಈ ಕಸುಬು ಇರೋದ ಇಷ್ಟ.

ಒಮ್ಮೆ ಸಂಜೀಕಡೆ ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಹತ್ರ ಹೋಗಿ ನಿಂದರ್ರಿ. 1549ರಾಗ ಅಹ್ಮದನಗರದಾಗ ಎರಕ ಹೊಯ್ದಿದ್ದು, 55 ಟನ್ ಭಾರ, ಮುಂದಿನ ಬಾಯಿ ಅಂದ್ರ ಸಿಂಹದ ಬಾಯಿ, ದವಡಿಯೊಳಗ ಆನಿ ಸಿಕ್ಕೊಂಡೈತಿ. ನೋಡಿದ ಕೂಡ್ಲೆ ತಲಿಗೆ ಬರೋದೇನು, ಈ ಸಿಂಹಕ್ಕ ಜೀವ ಬಂದ್ರ ಹೆಂಗ ಅಂತ. ಅದು ಎಲ್ಲಾರ ತಲಿಗೂ ಬರ್ತೈತಿ, ಅದಕ್ಕ ಅಲ್ಲೇ ನಿಂದರಬ್ಯಾಡ್ರಿ, ಎರಡ್ನೇ ಪ್ರಶ್ನೆ ಕೇಳ್ರಿ. ಇದನ್ನ ಎಳದು ತಂದೋರು ಯಾರು? 400 ಎತ್ತು, 10 ಆನಿ, ಜೋಡಿಗೆ ನೂರಾರು ಮಂದಿ ಹಚ್ಚಿ ತಂದ್ರು ಅಂತ ಹೇಳ್ತಾರ. ಹಂಗಾದ್ರ 400 ಎತ್ತಿಗೆ ದಿನಾ ಕಣಕಿ ಎಲ್ಲಿಂದ ಬಂತು, ದಾರ್ಯಾಗಿನ ಹಳ್ಳಿಯೋರ ಬಣವಿ ಬಳದು ಖಾಲಿ ಮಾಡಿದ್ರೋ ರೊಕ್ಕ ಕೊಟ್ರೋ, ಭೀಮಾ ಹೊಳಿ ಹೆಂಗ ದಾಟಿಸಿದ್ರು, ಆ ವರ್ಷ ಮೇವಿಲ್ಲದ ದನ ಸತ್ತ ಮನಿಯ ಒಬ್ಬಾಕಿ ಹುಡುಗಿ ತೋಪಿನ ಬಾಯಾಗ ಮಣ್ಣು ತೂರಿ ಶಾಪ ಹಾಕಿದ್ರ? ಈಗ ನಿಮ್ಮ ಸಿಂಹ ಎದ್ರೂ ಓದೋರು ನಂಬ್ತಾರ, ಯಾಕಂದ್ರ ಅದು ತೀರಿಸಬೇಕಾದ ಬಾಕಿ ಒಂದೈತಿ.

ಮ್ಯಾಜಿಕ್ಕಿಗೆ ರೂಲ್ ಬೇಕು ಅಂತ ಎಲ್ಲಾ ವಿಡಿಯೋದಾಗೂ ಹೇಳ್ತಾರ, ನನಗ ಅದು ತಿಳಿದದ್ದು ಬಾದಾಮಿಯೊಳಗ. ಊರಿನ ಹಳೇ ಹೆಸರ ವಾತಾಪಿ. ಇಲ್ವಲ ತನ್ನ ತಮ್ಮ ವಾತಾಪಿನ್ನ ಟಗರು ಮಾಡಿ ಕೊಯ್ದು ಅಡಗಿ ಮಾಡಿ ಬಂದ ಅತಿಥಿಗೆ ಬಡಸ್ತಾನ, ಊಟ ಆದ ಮ್ಯಾಲ ವಾತಾಪೀ ಬಾರೋ ಅಂತಾನ, ಅಂವ ಹೊಟ್ಟಿ ಸೀಳ್ಕೊಂಡು ಹೊರಗ ಬರ್ತಾನ. ರೂಲ್ ಒಂದ, ಕರದ್ರ ಬರ್ತಾನ. ಅಗಸ್ತ್ಯ ಬಂದು ಏನ್ ಮಾಡಿದ ನೋಡ್ರಿ, ಬಡಿದಾಡ್ಲಿಲ್ಲ, ದೊಡ್ಡ ಅಸ್ತ್ರ ಬಿಡ್ಲಿಲ್ಲ, ಉಂಡು ಜೀರ್ಣ ಮಾಡ್ಕೊಂಡ ಕುಂತ, ಆಮ್ಯಾಗ ಎಷ್ಟು ಕರದ್ರೇನು. ರೂಲ್ ಮುರೀಲಿಲ್ಲ, ರೂಲಿನಾಗಿದ್ದ ಸಂದಿ ಹುಡುಕಿದ. ನಿಮ್ಮ ಕ್ಲೈಮ್ಯಾಕ್ಸ್ ಹಿಂಗಿರ್ಲಿ. ಕೊನೀ ಚಾಪ್ಟರಿನಾಗ ಹೀರೋಗ ಒಮ್ಮೆಲೆ ಹೊಸ ಶಕ್ತಿ ಬಂತು ಅಂತ ಬರಿಯೋರ ಮ್ಯಾಲ ನನಗ ಭಾಳ ಸಿಟ್ಟು.

ಈಗ ಒಂದು ಪ್ರಾಕ್ಟೀಸ್. ಗೋಳಗುಮ್ಮಟ ತಗೋರಿ, 1656ಕ್ಕ ಮುಗದದ್ದು, ಗುಮ್ಮಟದ ಹೊರಗಿನ ಅಗಲ ಸುಮಾರು 44 ಮೀಟರ್, ಒಳಗ ಆಧಾರಕ್ಕ ಒಂದು ಕಂಬ ಇಲ್ಲ, ಮ್ಯಾಲಿನ ಗ್ಯಾಲರಿಯೊಳಗ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಎದುರಿನ ಕಡೆ ಕಿವಿ ಹಚ್ಚಿದೋರಿಗೆ ಕೇಳ್ತೈತಿ. ಶಾಲಿ ಹುಡುಗೂರು ಬಂದು ಚೀರೋದ್ರಾಗ ಏನೂ ಕೇಳಂಗಿಲ್ಲ ಬಿಡ್ರಿ, ಮುಂಜಾನೆ ಬಾಗಲಾ ತಗದ ಕೂಡ್ಲೆ ಹೋಗ್ರಿ. ನಾ ಅಲ್ಲಿ ಕುಂತು ಹಾಕಿದ ಪ್ರಶ್ನೆ, ಇಲ್ಲಿ ನಾಳೆ ಆಡೋ ಮಾತು ಇವತ್ತ ಕೇಳಿಸಿದ್ರ? ಮೊದಲ ಯಾರು ಓಡಿ ಬರ್ತಾರ? ಸುಲ್ತಾನ ಅಂತ ಬರದಿದ್ದೆ, ಹೊಡದು ಹಾಕಿದೆ. ಮೊದಲ ಬರೋರು ಒಣದ್ರಾಕ್ಷಿ ದಲಾಲರು, ನಾಳಿನ ರೇಟ್ ಕೇಳಾಕ! ಇದು ನನಗ ಗೊತ್ತಿರೋ ಜಗತ್ತು, ದಿನಾ ಅವರ ಜೋಡಿನ ಚಾ ಕುಡೀತೀನಿ. ಆಮ್ಯಾಗ ಬಾಗಲಾ ಕಾಯಾಂವ, ಅಂವ ಗ್ವಾಡಿ ಹತ್ರ ನಿಂದ್ರಾಕ ಜಾಗಾ ಮಾರ್ತಾನ. ಇದಕ್ಕ ಬೆಲಿ ಏನು? ನಾಳಿನ ಒಂದು ಮಾತು ಕೇಳಿದ್ರ ನಿಮಗ ಗುರುತಿದ್ದ ಒಂದು ದನಿ ಮರತ ಹೋಗ್ತೈತಿ, ಅಷ್ಟ. ಆ ಕಾವಲುಗಾರ ಮೂವತ್ತು ವರ್ಷ ಅಲ್ಲೇ ನಿಂತಾನ, ಹೆಂಡ್ತಿ ಹಿಂದಿನಿಂದ ಕರದ್ರ ಯಾರೋ ಅಂತ ತಿರುಗಿ ನೋಡ್ತಾನ. ಕಥಿ ಅಲ್ಲಿಂದ ಶುರು ಆತು. ನೀವೂ ಹಂಗ ಮಾಡ್ರಿ, ಒಂದು ವಿಚಿತ್ರ ಸಂಗತಿ ತಗೊಂಡು ಅದರಿಂದ ಯಾರಿಗೆ ಲಾಭ, ಯಾರು ಬೆಲಿ ತೆರ್ತಾರ ಅಂತ ಎರಡು ಪೇಜ್ ಬರೀರಿ, ಪ್ಲಾಟ್ ಗೀಟ್ ಆಮ್ಯಾಗ.

ಇನ್ನ ಐಡಿಯಾ ಬರವಲ್ದು ಅಂತ ಅಳೋರಿಗೆ, ಮನ್ಯಾಗ ಆಯಿ ಅದಾಳೇನ್ ನೋಡ್ರಿ. ಎ. ಕೆ. ರಾಮಾನುಜನ್ ಅವರು 1950ರ ದಶಕದಾಗ ಬೆಳಗಾವಿಯೊಳಗ ಇಂಗ್ಲಿಷ್ ಪಾಠ ಮಾಡೂವಾಗ ಈ ಭಾಗದ ಹೆಣ್ಮಕ್ಕಳ ಬಾಯಿಂದ ಕಥಿ ಕೂಡಿಸಿದ್ರು, ಅಂದ್ರ ಸರಕು ನಮ್ಮ ಅಡಗಿಮನ್ಯಾಗ ಐತಿ. ಆದ್ರ ಆಯೀ ಕಥಿ ಹೇಳ ಅಂದ್ರ ನನಗೇನ್ ಗೊತ್ತೋ ಯಪ್ಪಾ ಅಂತಾಳ. ಅದಕ್ಕೊಂದು ಟ್ರಿಕ್ ಐತಿ, ಬೇಕಂತ ತಪ್ಪು ಹೇಳಬೇಕು. ಜೋಕುಮಾರಗ ಹದಿನೈದು ದಿನ ಆಯುಷ್ಯ ಅಲ್ಲೇನಾಯಿ ಅಂದೆ, "ಏಳ ದಿನ್ವೋ ಹುಚ್ಚಾ" ಅಂತ ಶುರು ಮಾಡಿದಾಕಿ ಬುಟ್ಟಿ, ಬೇವಿನ ತಪ್ಪಲಾ, ಬಾಯಿಗೆ ಬೆಣ್ಣಿ, ಅವನ್ನ ಕೊಂದದ್ದು ಯಾಕ, ಎಲ್ಲಾ ಹೇಳಿ ಮುಗಸೂದ್ರಾಗ ರಾತ್ರಿ ಹತ್ತಾತು. ಏಳು ದಿನದಾಗ ಹುಟ್ಟಿ ಬೆಳದು ಸಾಯೋ ದೇವರು, ಯಾವ ಫಾರಿನ್ ಫ್ಯಾಂಟಸಿಗೆ ಕಡಿಮಿ ಐತಿ ಹೇಳ್ರಿ. ಕೇಳಿ ಫೋನಿನಾಗ ರೆಕಾರ್ಡ್ ಮಾಡ್ಕೋರಿ, ಕದ್ದು ಮಾಡಬ್ಯಾಡ್ರಿ. ಬಾಗಲಕೋಟಿಯೋರಿಗಂತೂ ಬ್ಯಾರೆ ಏನೂ ಬ್ಯಾಡ, ಆಲಮಟ್ಟಿ ಹಿನ್ನೀರಿಗೆ ಮನಿ ಬಿಟ್ಟು ನವನಗರಕ್ಕ ಬಂದೋರು ಇನ್ನೂ ಅದಾರ, ಹಳೇ ಓಣಿ ನಕಾಶೆ ಹಾಕಿ ಕೊಡ್ರಿ ಅಂತ ಕೇಳ್ರಿ, ನೀರಿನ ಕೆಳಗಿನ ಊರು ನಿಮ್ಮ ನೋಟ್‌ಬುಕ್ಕಿಗೆ ಬರ್ತೈತಿ.

ಹೆಸರಿಗೆ ಒದ್ದಾಡಬ್ಯಾಡ್ರಿ. ಮುದ್ದೇಬಿಹಾಳ, ನಾಲತವಾಡ, ಸಿಂದಗಿ, ನಮ್ಮ ಊರಿಗೆಲ್ಲಾ ಬಾಲ ಐತಿ, ಆ ಬಾಲ ಹಿಡದು ಹೊಸಾ ಊರು ಮಾಡ್ರಿ, ನನ್ನ ಕಾದಂಬರ್ಯಾಗ ನೆರಳವಾಡ ಅಂತೈತಿ, ಮಂದಿ ಅದು ಯಾವ ತಾಲೂಕು ಅಂತ ಕೇಳ್ತಾರ. ಭಾಷಾದ್ದು ಮಾತ್ರ ಕಷ್ಟ. ನಾ ಮೊದಲ ಎಲ್ಲಾರ ಬಾಯಾಗೂ ಪುಸ್ತಕದ ಕನ್ನಡ ಹಾಕಿದ್ದೆ, ರಾಕ್ಷಸಾನೂ ಕನ್ನಡ ಮೇಷ್ಟ್ರಂಗ ಮಾತಾಡ್ತಿದ್ದ. ಆಮ್ಯಾಗ ದೊಡ್ಡಾಟ ನೆನಪಾತು, ರಾಜ ದೊಡ್ಡ ದೊಡ್ಡ ಶಬ್ದ ಒದರ್ತಾನ, ಸಾರಥಿ ನಮ್ಮ ಭಾಷಾದಾಗ ಅವನ ಕಾಲೆಳೀತಾನ. ಆ ಎರಡು ದನಿ ಇಟ್ಕೊಂಡ್ರ ಅರಮನಿ ಯಾವುದು ಓಣಿ ಯಾವುದು ಅಂತ ವರ್ಣನಿ ಇಲ್ದ ಗೊತ್ತಾಗ್ತೈತಿ.

ಕಲಿಯಾಕ ಕೋರ್ಸ್ ಬ್ಯಾಡ. ನಿಮಗ ಸೇರಿದ ಒಂದು ಕಾದಂಬರಿ ತಗೋರಿ, ಪ್ರತಿ ಚಾಪ್ಟರಿಗೆ ಒಂದು ಲೈನ್ ಬರೀರಿ, ಯಾರಿಗೆ ಏನ್ ಬೇಕಿತ್ತು, ಕೊನಿಗೆ ಏನ್ ಕಳಕೊಂಡ್ರು. ಎರಡು ಪುಸ್ತಕ ಹಿಂಗ ಬಿಚ್ಚಿದ್ರ ಸಾಕು. ದಿನಾ 300 ಶಬ್ದ, 200 ದಿನಕ್ಕ 60,000, ಅದೊಂದು ಕಾದಂಬರಿ. ಫೆಬ್ರುವರಿಯಿಂದ ಏಪ್ರಿಲ್ ತನಕ ನಮ್ಮಲ್ಲಿ ಮಾಲು ಬರೋ ಸೀಜನ್, ಆಗ ನಾ ಒಂದು ಅಕ್ಷರ ಬರಿಯಂಗಿಲ್ಲ, ಅದಕ್ಕ ನೀವೂ ಸುಗ್ಗಿ ದಿನಾ ಲೆಕ್ಕದಾಗ ಬಿಡ್ರಿ. ಟೈಪ್ ಮಾಡೋರು ಯೂನಿಕೋಡಿನಾಗ ಮಾಡ್ರಿ, ಹಳೇ ಫಾಂಟಿನಾಗ ಮಾಡಿ ಆಮ್ಯಾಗ ಕನ್ವರ್ಟ್ ಮಾಡಿದ್ರ ಒತ್ತಕ್ಷರೆಲ್ಲಾ ಚೆಲ್ಲಾಪಿಲ್ಲಿ ಆಗ್ತಾವ. ವಾಯ್ಸ್ ಟೈಪಿಂಗ್ ನಂಬಿ ಕುಂದರಬ್ಯಾಡ್ರಿ, ನಮ್ಮ ಮಾತು ಅದಕ್ಕ ತಿಳೀವಲ್ದು.

ಮುಗದ ಮ್ಯಾಲ ಪ್ರಿಂಟ್ ತಗದು ಮೂರು ಮಂದಿಗೆ ಕೊಡ್ರಿ, ಹೆಂಗೈತಿ ಅಂತ ಕೇಳಬ್ಯಾಡ್ರಿ, ಚೊಲೋ ಐತಿ ಅಂದು ಕೈ ತೊಳಕೋತಾರ. ಓದೂವಾಗ ಎಲ್ಲಿ ಮೊಬೈಲ್ ಕೈಗೆ ತಗೊಂಡ್ರಿ, ಆ ಪೇಜಿಗೆ ಗೆರಿ ಹಾಕ್ರಿ ಅನ್ರಿ. ಮೂರೂ ಮಂದಿ ಗೆರಿ ಹಾಕಿದ ಪೇಜ್ ಕಿತ್ತು ಹೊಸದಾಗಿ ಬರೀರಿ. ಕನ್ನಡ ಪುಸ್ತಕ ಪ್ರಾಧಿಕಾರದೋರು ಯುವ ಬರಹಗಾರರ ಮೊದಲ ಪುಸ್ತಕಕ್ಕ ಪ್ರೋತ್ಸಾಹಧನ ಕೊಡೋ ಯೋಜನೆ ಇಟ್ಟಾರ, ಅರ್ಜಿ ಕರದಾಗ ನೋಡ್ರಿ. ನನ್ನ ಕಾದಂಬರಿ ಇನ್ನೂ ಮೂರ್ನೇ ಡ್ರಾಫ್ಟಿನಾಗ ಐತಿ, ಕಾಕಾನ ಮಗಳು ಈ ಸಲ ಗೆರಿ ಹಾಕಿದ್ದು ನಾಕ ಪೇಜಿಗೆ.