ಕನೆಕ್ಟಿಂಗ್ ಫ್ಲೈಟ್ ಮಿಸ್ ಆಗ್ದಂಗೆ ನೋಡ್ಕೊಳ್ಳೋದು ಹೇಗೆ?

ಕನೆಕ್ಟಿಂಗ್ ಫ್ಲೈಟ್, ಅಂದ್ರೆ ಮಧ್ಯದ ಊರಲ್ಲಿ ಇಳಿದು ಹತ್ತಬೇಕಾದ ಎರಡನೇ ವಿಮಾನ, ಹೋಗ್ಬಿಡ್ತು ಅಂತ ಗೇಟ್ ಮುಂದೆ ನಿಂತು ಜಗಳ ಆಡೋರನ್ನ ಎಲ್ಲಾ ದೊಡ್ಡ ಏರ್‌ಪೋರ್ಟಲ್ಲೂ ನೋಡ್ಬಹುದು. ಅವರಲ್ಲಿ ಬಹಳ ಜನರ ಫ್ಲೈಟ್ ಹೋಗಿದ್ದು ಅವತ್ತಲ್ಲ, ಟಿಕೆಟ್ ಬುಕ್ ಮಾಡಿದ ದಿನಾನೇ. ಹಂಗಾಗಿ ಏರ್‌ಪೋರ್ಟಲ್ಲಿ ಹೆಂಗೆ ಓಡ್ಬೇಕು ಅನ್ನೋದಕ್ಕಿಂತ ಮುಂಚೆ ಬುಕಿಂಗಿಂದಾನೇ ಶುರು ಮಾಡೋಣ.

ಟಿಕೆಟ್ ತಗೊಳೋವಾಗ

ಮೊದ್ಲು ನೋಡ್ಬೇಕಾದ್ದು ರೇಟಲ್ಲ, ಎರಡೂ ಫ್ಲೈಟ್ ಒಂದೇ ಪಿಎನ್‌ಆರ್‌ನಲ್ಲಿದ್ಯಾ ಅಂತ. ಒಂದೇ ಟಿಕೆಟ್ ಆದ್ರೆ ಮೊದಲ್ನೇ ವಿಮಾನ ಲೇಟಾಗಿ ಎರಡನೇದು ಹೋಗ್ಬಿಟ್ರೂ ನಿಮ್ಮನ್ನ ಕೊನೇ ಊರು ಮುಟ್ಟಿಸೋ ಜವಾಬ್ದಾರಿ ಏರ್‌ಲೈನ್‌ದು, ಸಾಮಾನ್ಯವಾಗಿ ಮುಂದಿನ ಫ್ಲೈಟಲ್ಲಿ ಹೆಚ್ಚಿಗೆ ದುಡ್ಡು ಕೇಳ್ದೇನೇ ಸೀಟು ಹಾಕ್ಕೊಡ್ತಾರೆ. ಅದೇ ಸ್ವಲ್ಪ ಅಗ್ಗ ಸಿಗತ್ತೆ ಅಂತ ಎರಡು ಬೇರೆ ಬೇರೆ ಟಿಕೆಟ್ ತಗೊಂಡ್ರೋ, ಮೊದಲ್ನೇದು ಎಷ್ಟೇ ಲೇಟಾದ್ರೂ ಎರಡನೇ ಏರ್‌ಲೈನ್ ಕಣ್ಣಿಗೆ ನೀವು ಬರೀ ಬರದೇ ಹೋದ ಪ್ಯಾಸೆಂಜರ್, ನೋ ಶೋ ಅಂತ ಹಾಕಿ ಮುಗಿಸ್ತಾರೆ, ಆ ಟಿಕೆಟಲ್ಲಿ ರಿಟರ್ನ್ ಇದ್ರೆ ಎಷ್ಟೋ ಕಡೆ ಅದೂ ಕ್ಯಾನ್ಸಲ್ ಆಗತ್ತೆ. ಬುಕಿಂಗ್ ಸೈಟುಗಳು ಇಂಥ ಟಿಕೆಟನ್ನ ಜೋಡಿಸಿ ಒಂದೇ ಪ್ರಯಾಣದ ಥರ ತೋರಿಸ್ತವೆ, ಮೂಲೇಲಿ ಸಣ್ಣಕ್ಷರದಲ್ಲಿ ಸೆಲ್ಫ್ ಟ್ರಾನ್ಸ್‌ಫರ್ ಅಂತ ಬರೆದಿರ್ತಾರೆ. ಆ ಎರಡು ಪದ ಕಂಡ್ರೆ ನಾನಂತೂ ಎಷ್ಟೇ ಅಗ್ಗ ಇದ್ರೂ ಮುಂದಿನದು ನೋಡ್ತೀನಿ.

ಎರಡನೇದು, ಇಳಿಯೋ ಏರ್‌ಪೋರ್ಟೂ ಹತ್ತೋ ಏರ್‌ಪೋರ್ಟೂ ಒಂದೇನಾ ಅಂತ ನೋಡಿ. ನಗುಬೇಡಿ, ಲಂಡನ್‌ನಲ್ಲಿ ಹೀಥ್ರೋ, ಗ್ಯಾಟ್ವಿಕ್, ಪ್ಯಾರಿಸ್‌ನಲ್ಲಿ ಶಾರ್ಲ್ ದ ಗಾಲ್, ಓರ್ಲಿ, ಟೋಕಿಯೋದಲ್ಲಿ ನಾರಿತಾ, ಹನೇದಾ, ಇಸ್ತಾನ್‌ಬುಲ್‌ನಲ್ಲೂ ಎರಡು, ನ್ಯೂಯಾರ್ಕ್ ಸುತ್ತ ಮೂರು. ಸೈಟ್‌ನಲ್ಲಿ ಊರ ಹೆಸರು ಮಾತ್ರ ನೋಡ್ಕೊಂಡು ಬುಕ್ ಮಾಡಿದ್ರೆ ಊರಿನ ಈ ತುದಿಯಿಂದ ಆ ತುದಿಗೆ ಲಗೇಜ್ ಎಳ್ಕೊಂಡು ಹೋಗ್ಬೇಕಾಗತ್ತೆ, ಅದಕ್ಕೆ ದೇಶದೊಳಗೆ ಕಾಲಿಡೋ ವೀಸಾನೂ ಬೇಕಾಗ್ಬಹುದು.

ಮಧ್ಯದಲ್ಲಿ ಎಷ್ಟು ಟೈಮ್ ಇರ್ಬೇಕು? ಪ್ರತಿ ಏರ್‌ಪೋರ್ಟಿಗೂ ಮಿನಿಮಮ್ ಕನೆಕ್ಷನ್ ಟೈಮ್ ಅಂತ ಒಂದಿದೆ, ಅದಕ್ಕಿಂತ ಕಮ್ಮಿ ಗ್ಯಾಪ್ ಇದ್ರೆ ಏರ್‌ಲೈನ್ ಒಂದೇ ಟಿಕೆಟಲ್ಲಿ ಮಾರೋ ಹಾಗಿಲ್ಲ. ವಿಯೆನ್ನಾದವರು 25 ನಿಮಿಷ ಸಾಕು ಅಂತ ಹೆಮ್ಮೆಯಿಂದ ಹೇಳ್ಕೋತಾರೆ. ಆದ್ರೆ ಅದು ಎಲ್ಲಾ ಸರಿಯಾಗಿ ನಡೆದ್ರೆ ಸಾಕಾಗೋ ಟೈಮು, ವಿಮಾನ ಅರ್ಧ ಗಂಟೆ ಲೇಟಾದ್ರೆ ಕಥೆ ಮುಗೀತು. ನನ್ನ ಲೆಕ್ಕ ಹೇಳ್ತೀನಿ, ದೇಶ ಬದಲಾಗೋ ಪ್ರಯಾಣಕ್ಕೆ ಎರಡೂವರೆಯಿಂದ ಮೂರು ಗಂಟೆ, ವಯಸ್ಸಾದವರು, ಮಕ್ಕಳು ಜೊತೇಲಿದ್ರೆ ಇನ್ನೊಂದು ಗಂಟೆ ಹೆಚ್ಚು. ಆ ದಿನದ ಕೊನೇ ಫ್ಲೈಟನ್ನ ಕನೆಕ್ಷನ್ ಆಗಿ ಇಟ್ಕೋಬೇಡಿ, ಅದು ತಪ್ಪಿದ್ರೆ ರಾತ್ರಿಯೆಲ್ಲಾ ಅಲ್ಲೇ.

ಟಿಕೆಟಲ್ಲಿರೋ ಟೈಮೆಲ್ಲಾ ಆಯಾ ಊರಿನ ಗಡಿಯಾರದ್ದು, ಪಕ್ಕದಲ್ಲಿ +1 ಅಂತಿದ್ರೆ ಮರುದಿನ ಅಂತ ಅರ್ಥ. 14ನೇ ತಾರೀಖು 00:30ಕ್ಕೆ ಫ್ಲೈಟ್ ಅಂದ್ರೆ 13ರ ರಾತ್ರೀನೇ ಏರ್‌ಪೋರ್ಟಲ್ಲಿರ್ಬೇಕು. ಓದಿದೋರೇ ಇದ್ರಲ್ಲಿ ಎಡವ್ತಾರೆ.

ಟ್ರಾನ್ಸಿಟ್ ವೀಸಾ

ಏರ್‌ಪೋರ್ಟಿಂದ ಆಚೆ ಹೋಗಲ್ವಲ್ಲ, ವೀಸಾ ಯಾಕೆ ಅನ್ನೋದು ಸಹಜ. ಆದ್ರೆ ಅಮೆರಿಕದಲ್ಲಿ ಬರೀ ವಿಮಾನ ಬದಲಾಯಿಸೋಕೂ ಇಮಿಗ್ರೇಷನ್ ದಾಟಲೇಬೇಕು, ಹಾಗಾಗಿ ವೀಸಾನೋ ಅದರ ಬದಲಿನ ಪರ್ಮಿಶನ್ನೋ ಬೇಕೇಬೇಕು. ಬ್ರಿಟನ್ನು, ಷೆಂಗೆನ್ ದೇಶಗಳು (ಒಳಗೊಳಗೆ ಪಾಸ್‌ಪೋರ್ಟ್ ಚೆಕ್ ಇಲ್ದಿರೋ ಯೂರೋಪಿನ ದೇಶಗಳ ಗುಂಪು) ಕೆಲವು ದೇಶದ ಪಾಸ್‌ಪೋರ್ಟಿರೋರಿಗೆ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಕೇಳ್ತವೆ. ಷೆಂಗೆನ್‌ನಲ್ಲಿ ಇನ್ನೊಂದು ವಿಷಯ ಇದೆ, ಫ್ರಾಂಕ್‌ಫರ್ಟಲ್ಲಿ ಇಳಿದು ರೋಮ್‌ಗೆ ಹೋಗೋದಾದ್ರೆ ಪಾಸ್‌ಪೋರ್ಟ್ ಚೆಕ್ ಆಗೋದು ರೋಮ್‌ನಲ್ಲಲ್ಲ, ಫ್ರಾಂಕ್‌ಫರ್ಟಲ್ಲೇ, ಯಾಕಂದ್ರೆ ಆಮೇಲಿನದು ದೇಶದೊಳಗಿನ ಫ್ಲೈಟ್ ಇದ್ದಂಗೆ. 2025ರ ಅಕ್ಟೋಬರಿಂದ ಹೊರಗಿನ ದೇಶದೋರಿಗೆ ಬೆರಳಚ್ಚು, ಫೋಟೋ ತಗೊಳೋ ಹೊಸ ವ್ಯವಸ್ಥೆ ಶುರುವಾಗಿದೆ, ಆ ಕ್ಯೂಗೂ ಟೈಮ್ ಇಟ್ಕೊಳ್ಳಿ. ವೀಸಾ ನಿಯಮ ಬದಲಾಗ್ತಾ ಇರತ್ತೆ, ಆ ದೇಶದ ಎಂಬಸಿ ಸೈಟಲ್ಲೇ ನೋಡಿ, ಮಾವನ ಮಗ ಹೋದ ವರ್ಷ ಹೋಗಿದ್ದ ಅನ್ನೋದು ಸಾಕ್ಷಿ ಅಲ್ಲ.

ಚೆಕ್‌ಇನ್ ಕೌಂಟರಲ್ಲಿ ಎರಡು ನಿಮಿಷ

ಲಗೇಜಿಗೆ ಉದ್ದದ ಟ್ಯಾಗ್ ಅಂಟಿಸ್ತಾರಲ್ಲ, ಅದು ಬೆಲ್ಟ್ ಮೇಲೆ ಹೋಗೋ ಮುಂಚೆ ಓದ್ಕೊಳ್ಳಿ. ಅದ್ರಲ್ಲಿ ಮೂರಕ್ಷರದ ಕೋಡುಗಳಿರತ್ತೆ, ಸಿಂಗಾಪುರಕ್ಕೆ ಎಸ್‌ಐಎನ್, ದುಬೈಗೆ ಡಿಎಕ್ಸ್‌ಬಿ, ಹೀಥ್ರೋಗೆ ಎಲ್‌ಎಚ್‌ಆರ್, ಹೀಗೆ. ದೊಡ್ಡಕ್ಷರದಲ್ಲಿ ಎದ್ದು ಕಾಣೋದು ನಿಮ್ಮ ಕೊನೇ ಊರಿನ ಕೋಡ್ ಆಗಿರ್ಬೇಕು, ಮಧ್ಯದ ಊರಿನ ಕೋಡ್ ಆದ್ರೆ ಲಗೇಜ್ ಅಲ್ಲೇ ಇಳ್ಕೊಳತ್ತೆ. ಡೌಟಿದ್ರೆ "ಬ್ಯಾಗ್ ಸೀದಾ ಕೊನೇವರೆಗೂ ಹೋಗತ್ತಾ, ಮಧ್ಯದಲ್ಲಿ ತಗೋಬೇಕಾ?" ಅಂತ ಬಾಯಿಬಿಟ್ಟು ಕೇಳಿ. ಕೌಂಟರ್‌ನೋರು ಬೋರ್ಡಿಂಗ್ ಪಾಸಿಗೆ ಒಂದು ಸಣ್ಣ ಸ್ಟಿಕ್ಕರ್ ಅಂಟಿಸಿಕೊಡ್ತಾರೆ, ಅದ್ರಲ್ಲಿ ಹತ್ತಂಕಿ ನಂಬರ್ ಇರತ್ತೆ, ಬ್ಯಾಗ್ ಕಳೆದ್ರೆ ಹುಡುಕೋದು ಅದೇ ನಂಬರಿಂದ, ಫೋಟೋ ತೆಗೆದಿಟ್ಕೊಳ್ಳಿ. ಎರಡೂ ಬೋರ್ಡಿಂಗ್ ಪಾಸ್ ಇಲ್ಲೇ ಇಸ್ಕೊಂಡ್ರೆ ಟ್ರಾನ್ಸ್‌ಫರ್ ಡೆಸ್ಕ್ ಕ್ಯೂ ತಪ್ಪತ್ತೆ.

ಟ್ಯಾಗ್ ಸರಿಯಾಗಿದ್ರೂ ಅಮೆರಿಕಕ್ಕೆ ಹೋಗೋರು ಸಾಮಾನ್ಯವಾಗಿ ಮೊದಲು ಇಳಿಯೋ ಊರಲ್ಲೇ ಲಗೇಜ್ ಎತ್ಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬೆಲ್ಟಿಗೆ ಹಾಕ್ಬೇಕು, ಆಮೇಲೆ ಇನ್ನೊಂದ್ಸಲ ಸೆಕ್ಯೂರಿಟಿ. ಅಲ್ಲಿ ಎರಡು ಗಂಟೆ ಅಂದ್ರೆ ಬಿಗಿ. ಅಬುಧಾಬಿ, ಡಬ್ಲಿನ್ ಥರದ ಕೆಲವು ಕಡೆ ಅಮೆರಿಕದ ಇಮಿಗ್ರೇಷನ್ನು ವಿಮಾನ ಹತ್ತೋ ಮುಂಚೇನೇ ಮುಗಿಯತ್ತೆ, ಆಗ ಅಲ್ಲೇ ಹೆಚ್ಚು ಟೈಮ್ ಬೇಕು.

ವಿಮಾನದಿಂದ ಇಳಿದ ಮೇಲೆ

ಗ್ಯಾಪ್ ಕಮ್ಮಿ ಇದ್ರೆ ಮುಂದಿನ ಸಾಲಲ್ಲಿ ಸೀಟು ಹಾಕಿಸ್ಕೊಳ್ಳಿ, ಹಿಂದೆ ಕೂತೋರು ಆಚೆ ಬರೋ ಹೊತ್ತಿಗೆ ಹದಿನೈದಿಪ್ಪತ್ತು ನಿಮಿಷ ಅಲ್ಲೇ ಹೋಗತ್ತೆ. ವಿಮಾನ ಲೇಟಾಗಿದೆ ಅಂದ್ರೆ ಇಳಿಯೋ ಮುಂಚೆ ಕ್ಯಾಬಿನ್ ಕ್ರೂಗೆ ಹೇಳಿ, ಎಷ್ಟೋ ಸಲ ಕನೆಕ್ಷನ್ ಇರೋರನ್ನ ಮೊದ್ಲು ಬಿಡಿಸ್ತಾರೆ.

ಹೊರಗೆ ಬಂದ ತಕ್ಷಣ ಜನ ಹೋದ ಕಡೆ ಹೋಗ್ಬೇಡಿ. ಜನ ಹೋಗೋದು ಆ ಊರಿಗೆ, ನೀವು ಹೋಗ್ಬೇಕಾದ್ದು ಟ್ರಾನ್ಸ್‌ಫರ್ ಇಲ್ಲಾ ಫ್ಲೈಟ್ ಕನೆಕ್ಷನ್ಸ್ ಅಂತಿರೋ ಬೋರ್ಡಿನ ಕಡೆ. ಹೀಥ್ರೋದಲ್ಲಿ ಈ ಬೋರ್ಡುಗಳು ನೇರಳೆ ಬಣ್ಣದವು, ಅದನ್ನೇ ಹಿಡ್ಕೊಂಡು ಹೋದ್ರೆ ಸಾಕು. ಗೊತ್ತಿಲ್ದೆ ಲಗೇಜ್ ಹಾಲ್ ಕಡೆ ಬಾಗಿಲು ದಾಟಿಬಿಟ್ರೆ ವಾಪಸ್ ಬರೋಕೆ ಬಿಡಲ್ಲ. ಆಮೇಲೆ ಮೊದಲು ಸಿಗೋ ಸ್ಕ್ರೀನಲ್ಲಿ ಗೇಟ್ ನಂಬರ್ ನೋಡಿ, ಊರ ಹೆಸರು ನೋಡೋದಲ್ಲ, ಫ್ಲೈಟ್ ನಂಬರ್ ನೋಡ್ಬೇಕು, ಒಂದೇ ಊರಿಗೆ ಒಂದೇ ಹೊತ್ತಿಗೆ ಎರಡು ಫ್ಲೈಟ್ ಇರತ್ತೆ. ಬೋರ್ಡಿಂಗ್ ಪಾಸಲ್ಲಿ ಪ್ರಿಂಟಾಗಿರೋ ಗೇಟನ್ನ ನಂಬ್ಕೊಂಡು ಕೂರಬೇಡಿ, ಬದಲಾಗತ್ತೆ. ಬಹಳ ಏರ್‌ಪೋರ್ಟುಗಳು ಈಗ ಮೈಕಲ್ಲಿ ಕೂಗೋದನ್ನ ಕಮ್ಮಿ ಮಾಡಿವೆ, ಹೆಸರು ಹಿಡಿದು ಕರೀತಾರೆ ಅಂತ ಕಾಯ್ತಾ ಕೂತ್ರೆ ವಿಮಾನ ಹಾರಿಹೋಗಿರತ್ತೆ.

ಗೇಟ್ ದೂರ ಕಮ್ಮಿ ಅಂದ್ಕೋಬೇಡಿ. ದುಬೈ ಟರ್ಮಿನಲ್ 3ರಲ್ಲಿ ಎ ಕಾನ್ಕೋರ್ಸಿಂದ (ಗೇಟುಗಳಿರೋ ಕಟ್ಟಡ) ಬಿ ಕಾನ್ಕೋರ್ಸಿಗೆ ರೈಲಿದೆ, ಟರ್ಮಿನಲ್ 2 ಅಂತೂ ರನ್‌ವೇಯ ಆಚೆ ಬದಿಗಿದೆ. ಫ್ರಾಂಕ್‌ಫರ್ಟಲ್ಲಿ ಎ ಗೇಟುಗಳ ನೆತ್ತಿ ಮೇಲೇನೇ ಝಡ್ ಗೇಟುಗಳು, ಕಣ್ಣಳತೆ ದೂರ, ಆದ್ರೆ ಮಧ್ಯೆ ಪಾಸ್‌ಪೋರ್ಟ್ ಕಂಟ್ರೋಲ್ ದಾಟ್ಬೇಕು. ಗೇಟು ಸಾಮಾನ್ಯವಾಗಿ ಹೊರಡೋ ಟೈಮಿಗಿಂತ ಹದಿನೈದಿಪ್ಪತ್ತು ನಿಮಿಷ ಮುಂಚೇನೇ ಮುಚ್ಚತ್ತೆ, ಅಂದ್ರೆ ನಿಮ್ಮ ಎರಡು ಗಂಟೆ ಗ್ಯಾಪು ನಿಜವಾಗಿ ಎರಡು ಗಂಟೆ ಅಲ್ಲ.

ಮಧ್ಯದಲ್ಲಿ ಸಾಮಾನ್ಯವಾಗಿ ಮತ್ತೆ ಸೆಕ್ಯೂರಿಟಿ ಬರತ್ತೆ. 2006ರಿಂದ ಬಂದಿರೋ 100 ಮಿಲಿ ಲಿಕ್ವಿಡ್ ರೂಲ್ ಬಹಳ ಕಡೆ ಈಗ್ಲೂ ಇದೆ, ಡ್ಯೂಟಿ ಫ್ರೀಲಿ ತಗೊಂಡ ಬಾಟ್ಲಿಗೆ ಅವರು ಸೀಲ್ ಮಾಡಿಕೊಟ್ಟ ಕವರನ್ನ ಕೊನೇ ಊರಿಗೆ ಹೋಗೋತನಕ ಬಿಚ್ಚಬೇಡಿ, ಬಿಲ್ಲೂ ಅದರೊಳಗೇ ಇರಲಿ. ಪವರ್ ಬ್ಯಾಂಕ್ ಕೈಬ್ಯಾಗಲ್ಲೇ.

ಕಾಯೋ ಹೊತ್ತಲ್ಲಿ

ಮೊದಲು ನಿಮ್ಮ ಗೇಟಿರೋ ಕಡೆಗೆ ಹೋಗಿ, ದಾರಿ ನೋಡ್ಕೊಳ್ಳಿ, ಆಮೇಲೆ ಸುತ್ತಾಡಿ. ಏನು ಮಾಡ್ಬಹುದು ಅನ್ನೋದು ಟೈಮ್ ಎಷ್ಟಿದೆ ಅನ್ನೋದರ ಮೇಲೆ. ನಾಲ್ಕೈದು ಗಂಟೆಗಿಂತ ಹೆಚ್ಚಿದ್ರೆ ಸ್ನಾನ ಮಾಡಿ, ನಿಜವಾಗ್ಲೂ, ಉದ್ದದ ಪ್ರಯಾಣದ ಮಧ್ಯೆ ಒಂದು ಸ್ನಾನದಷ್ಟು ಸುಖ ಇನ್ನೊಂದಿಲ್ಲ, ದೊಡ್ಡ ಏರ್‌ಪೋರ್ಟುಗಳಲ್ಲಿ ದುಡ್ಡು ಕೊಟ್ರೆ ಲೌಂಜಲ್ಲೋ ಟ್ರಾನ್ಸಿಟ್ ಹೋಟೆಲಲ್ಲೋ ಶವರ್ ಸಿಗತ್ತೆ. ಟ್ರಾನ್ಸಿಟ್ ಹೋಟೆಲ್ ಬುಕ್ ಮಾಡೋವಾಗ ಅದು ಇಮಿಗ್ರೇಷನ್‌ಗಿಂತ ಒಳಗಿದ್ಯಾ ಹೊರಗಿದ್ಯಾ ಅಂತ ಕೇಳಿ, ಹೊರಗಿದ್ರೆ ವೀಸಾ ಇಲ್ದೆ ಹೋಗೋಕಾಗಲ್ಲ. ಸಿಂಗಾಪುರದ ಚಾಂಗಿಯಲ್ಲಿ ಚಿಟ್ಟೆ ತೋಟ, ಪುಕ್ಕಟೆ ಸಿನಿಮಾ ಥಿಯೇಟರ್ ಎಲ್ಲಾ ಇದೆ, ಅಲ್ಲಿ ಟೈಮ್ ಹೋಗೋದೇ ಗೊತ್ತಾಗಲ್ಲ, ಅದೇ ಅಪಾಯ, ಅಲಾರಂ ಇಡಿ. ಅಲಾರಂ ಇಡೋ ಮುಂಚೆ ಫೋನು ಅಲ್ಲಿನ ಟೈಮಿಗೆ ಬದಲಾಗಿದ್ಯಾ ನೋಡಿ.

ಖಾಲಿ ಬಾಟ್ಲಿ ಒಯ್ದಿದ್ರೆ ಸೆಕ್ಯೂರಿಟಿ ಆದ್ಮೇಲೆ ನೀರು ತುಂಬಿಸ್ಕೋಬಹುದು. ವೈಫೈ ಫ್ರೀ ಇರತ್ತೆ, ಆದ್ರೆ ಕೆಲವು ಕಡೆ ಒಟಿಪಿ ಬರೋ ಫೋನ್ ನಂಬರ್ ಬೇಕು, ಹಾಗಾಗಿ ಬೋರ್ಡಿಂಗ್ ಪಾಸ್, ವೀಸಾ, ಹೋಟೆಲ್ ಅಡ್ರೆಸ್ ಎಲ್ಲಾ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ನಡೆಯೋಕೆ ಕಷ್ಟ ಇರೋ ಹಿರಿಯರಿಗೆ ವೀಲ್‌ಚೇರ್‌ನ ಕನಿಷ್ಠ 48 ಗಂಟೆ ಮುಂಚೆ ಏರ್‌ಲೈನ್‌ಗೆ ಹೇಳಿಡಿ, ಕೆಲವರು ಸಂಕೋಚ ಪಡ್ತಾರೆ, ಪಡಬೇಡಿ. ಹೊರಗೆ ಕಾಣದ ತೊಂದರೆ ಇರೋರಿಗೆ, ಆಟಿಸಂ, ಮರೆವಿನ ಕಾಯಿಲೆ, ಸರಿಯಾಗಿ ಕಿವಿ ಕೇಳಿಸದೇ ಇರೋದು ಇಂಥವಕ್ಕೆ, 2016ರಲ್ಲಿ ಗ್ಯಾಟ್ವಿಕ್‌ನಲ್ಲಿ ಶುರುವಾದ ಸೂರ್ಯಕಾಂತಿ ಚಿತ್ರದ ಹಸಿರು ಪಟ್ಟಿ ಈಗ ತುಂಬಾ ಏರ್‌ಪೋರ್ಟಲ್ಲಿ ನಡೆಯತ್ತೆ, ಕುತ್ತಿಗೆಗೆ ಹಾಕ್ಕೊಂಡ್ರೆ ಸಿಬ್ಬಂದಿ ತಾವಾಗೇ ಸ್ವಲ್ಪ ನಿಧಾನವಾಗಿ ವಿಚಾರಿಸ್ತಾರೆ.

ಆದ್ರೂ ಮಿಸ್ ಆದ್ರೆ?

ಕ್ಯೂನಲ್ಲಿ ನಿಂತ್ಕೊಂಡೇ ಏರ್‌ಲೈನ್ ಆ್ಯಪ್ ತೆಗೀರಿ, ಎಷ್ಟೋ ಸಲ ಹೊಸ ಫ್ಲೈಟು ಅಷ್ಟೊತ್ತಿಗೇ ಹಾಕಿರ್ತಾರೆ. ಆ್ಯಪಲ್ಲಿ ಏನೂ ಇಲ್ಲ ಅಂದ್ರೆ ಕಸ್ಟಮರ್ ಕೇರ್‌ಗೂ ಫೋನ್ ಮಾಡಿ, ಯಾರು ಮೊದಲು ಸಿಕ್ತಾರೋ ಅವರತ್ರ ಮಾಡಿಸ್ಕೊಳ್ಳಿ. ಊಟ, ರೂಮು ಕೊಡ್ತೀರಾ ಅಂತ ನೀವೇ ಕೇಳ್ಬೇಕು, ಕೇಳ್ದೇ ಇದ್ರೆ ಸುಮ್ನಿರೋ ಕೌಂಟರುಗಳೂ ಇವೆ. ಲೇಟಾಗಿದ್ದಕ್ಕೆ ಕಾರಣ ಏನು ಅಂತ ಬರವಣಿಗೇಲಿ ಇಸ್ಕೊಳ್ಳಿ, ಯಾಕಂದ್ರೆ ಯೂರೋಪಿಯನ್ ಯೂನಿಯನ್ ದೇಶಗಳಿಂದ ಹೊರಡೋ ಫ್ಲೈಟುಗಳಿಗೆ 2004ರ ಕಾನೂನಿದೆ, ಒಂದೇ ಬುಕಿಂಗಲ್ಲಿ ಕೊನೇ ಊರಿಗೆ ಮೂರು ಗಂಟೆ ಅಥವಾ ಹೆಚ್ಚು ಲೇಟಾಗಿ ಮುಟ್ಟಿದ್ರೆ, ತಪ್ಪು ಏರ್‌ಲೈನ್‌ದೇ ಆಗಿದ್ರೆ, ದೂರದ ಮೇಲೆ 250ರಿಂದ 600 ಯೂರೋವರೆಗೂ ಪರಿಹಾರ ಕೇಳ್ಬಹುದು. ಹವಾಮಾನ ಕೆಟ್ಟಿದ್ರೆ ಪರಿಹಾರದ ದುಡ್ಡು ಬರಲ್ಲ, ಊಟ ರೂಮಿನ ಹಕ್ಕು ಮಾತ್ರ ಹಾಗೇ ಇರತ್ತೆ.

ನೀವು ಬಂದ್ರಿ, ಬ್ಯಾಗ್ ಬರಲಿಲ್ಲ ಅಂದ್ರೆ ಲಗೇಜ್ ಹಾಲ್ ಬಿಡೋ ಮುಂಚೇನೇ ಅಲ್ಲಿರೋ ಕೌಂಟರಲ್ಲಿ ರಿಪೋರ್ಟ್ ಬರೆಸಿ ಅದರ ನಂಬರ್ ಇಸ್ಕೊಳ್ಳಿ. ಬ್ಯಾಗ್ ಒಡೆದಿದ್ರೆ ಅದು ಕೈಗೆ ಸಿಕ್ಕಿದ 7 ದಿನದೊಳಗೆ, ಲೇಟಾಗಿ ಸಿಕ್ಕಿದ್ರೆ ಸಿಕ್ಕಿದ 21 ದಿನದೊಳಗೆ ಏರ್‌ಲೈನ್‌ಗೆ ಬರವಣಿಗೇಲಿ ಕಂಪ್ಲೇಂಟ್ ಕೊಡ್ಬೇಕು, ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದಲ್ಲಿರೋ ಗಡುವು ಇದು. ಬ್ಯಾಗ್ ಬರೋತನಕ ತಗೊಂಡ ಬಟ್ಟೆ, ಟೂತ್‌ಬ್ರಷ್ಷಿನ ಬಿಲ್ಲುಗಳನ್ನೂ ಇಟ್ಕೊಳ್ಳಿ, ಅದನ್ನೂ ಆ ಕಂಪ್ಲೇಂಟ್ ಜೊತೇಲೇ ಲಗತ್ತಿಸಿ ಕಳಿಸ್ಬಹುದು.