ಕಾರಿಗೆ ಎಕ್ಸ್‌ಟೆನ್ಶನ್ ವೈರ್: ಬಿಸಿಯಾಗುವುದು ಎಲ್ಲಿ, ನೋಡುವುದು ಹೇಗೆ?

ವಿಜಯಪುರದ ಯಾವುದೇ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ, ಎಲೆಕ್ಟ್ರಿಕ್ ಕಾರ್ ಚಾರ್ಜ್ ಮಾಡಲು ಎಕ್ಸ್‌ಟೆನ್ಶನ್ ಬೇಕು ಅನ್ನಿ. ಮೊದಲು ಬರುವ ಪ್ರಶ್ನೆ, 'ಎಷ್ಟ್ ಮೀಟರ್ ಬೇಕ್ರಿ?' ಉದ್ದವನ್ನು ಎಲ್ಲರೂ ಕೇಳುತ್ತಾರೆ. ವೈರ್ ಎಷ್ಟು ದಪ್ಪ ಇರಬೇಕು, ತುದಿಗೆ ಎಂಥ ಪಿನ್ ಬೇಕು, ಮನೆಯ ಅರ್ಥಿಂಗ್ ಸರಿ ಇದೆಯಾ ಎಂದು ಕೇಳುವವರು ಕಡಿಮೆ.

ಎಕ್ಸ್‌ಟೆನ್ಶನ್ ಯಾಕೆ ಬೇಕಾಗುತ್ತದೆ ಅನ್ನುವುದು ಗೊತ್ತಿರುವ ವಿಷಯವೇ. ಹಳೇ ಊರಿನ ಓಣಿಗಳಲ್ಲಿ ಕಾರು ಮನೆಯೊಳಗೆ ಬರುವ ಮಾತೇ ಇಲ್ಲ. ಅದು ಕಟ್ಟೆಯ ಪಕ್ಕ ನಿಲ್ಲುತ್ತದೆ. ಪವರ್ ಪ್ಲಗ್ ಇರುವುದು ಅಡುಗೆಮನೆಯಲ್ಲೋ ಬಚ್ಚಲಿನ ಹತ್ತಿರವೋ. ಮೊದಲು ಸ್ಕೂಟರ್ ಇತ್ತು, ಕಿಟಕಿಯಿಂದ ಒಂದು ವೈರ್ ಇಳಿಬಿಟ್ಟರೆ ಸಾಕಾಗುತ್ತಿತ್ತು. ಈಗ ಕಾರು ಬಂದಿದೆ, ಅದೇ ವೈರ್ ಮುಂದುವರಿದಿದೆ. ಆದರೆ ಹೆಚ್ಚಿನ ಸ್ಕೂಟರ್ ಚಾರ್ಜರ್‌ಗಳು ಒಂದು ಕಿಲೋವ್ಯಾಟ್ ಒಳಗೇ ಇರುತ್ತವೆ. ಕಾರಿನ ಪೋರ್ಟೆಬಲ್ ಚಾರ್ಜರ್ 15 ಆಂಪಿಯರ್ ಎಳೆದರೆ ಸುಮಾರು 3.4 ಕಿಲೋವ್ಯಾಟ್ ಆಯಿತು. ಅದೂ ರಾತ್ರಿಯಿಡೀ. ಗೀಸರ್ ಎರಡು ಕಿಲೋವ್ಯಾಟ್ ಎಳೆದರೂ ನೀರು ಕಾದ ಮೇಲೆ ತಾನೇ ಆಫ್ ಆಗುತ್ತದೆ. ಕಾರು ಹಾಗಲ್ಲ. 30 ಕಿಲೋವ್ಯಾಟ್ ಅವರ್ ಬ್ಯಾಟರಿ ಖಾಲಿಯಾಗಿದ್ದರೆ ಎಡೆಬಿಡದೆ ಒಂಬತ್ತು ಹತ್ತು ಗಂಟೆ ಬೇಕು.

ಕಾರು ಕಂಪನಿಗಳು ತಮ್ಮ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಎಕ್ಸ್‌ಟೆನ್ಶನ್ ಬೇಡ ಎಂದೇ ಬರೆಯುತ್ತವೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಚಾರ್ಜಿಂಗ್ ಸ್ಟೇಷನ್ನುಗಳಲ್ಲಿ ಚಾರ್ಜರಿಗೂ ಕಾರಿಗೂ ನಡುವೆ ಇನ್ನೊಂದು ವೈರ್ ಜೋಡಿಸಬಾರದು ಎನ್ನುತ್ತವೆ. ನನ್ನ ಅಭಿಪ್ರಾಯವೂ ಅದೇ. ಪ್ಲಗ್ಗನ್ನು ಕಾರಿನ ಹತ್ತಿರ ತರಬೇಕು, ವೈರನ್ನಲ್ಲ. ಆದರೂ ಹೊಸ ಲೈನ್ ಎಳೆಸುವ ತನಕ, ಅಥವಾ ನೆಂಟರ ಮನೆಯಲ್ಲಿ ಒಂದು ರಾತ್ರಿ, ಎಕ್ಸ್‌ಟೆನ್ಶನ್ ಹಾಕುವವರು ಹಾಕೇ ಹಾಕುತ್ತಾರೆ. ಹಾಕುವುದೇ ಆದರೆ ಹೇಗೆ ಹಾಕಬೇಕು, ನೋಡೋಣ.

ಮೊದಲು ಗೋಡೆಯ ಪ್ಲಗ್ ನೋಡಿ

ಮನೆಗಳಲ್ಲಿ ಎರಡು ಬಗೆಯ ಸಾಕೆಟ್ ಇರುತ್ತವೆ. ಮೊಬೈಲ್, ಟಿವಿಗೆ ಹಾಕುವ ಚಿಕ್ಕದು 6 ಆಂಪಿಯರಿನದು. ಗೀಸರ್, ಎಸಿಗೆ ಹಾಕುವ ದಪ್ಪ ತೂತಿನದು 16 ಆಂಪಿಯರಿನದು. ಕಾರಿನ ಚಾರ್ಜರ್ ಪಿನ್ ದಪ್ಪಗಿದೆ ಎಂದರೆ ಚಿಕ್ಕ ಸಾಕೆಟ್ಟಿಗೆ ಹೋಗಬಾರದು ಅಂತಲೇ. ದಪ್ಪ ಪಿನ್ನನ್ನು ಚಿಕ್ಕದಕ್ಕೆ ಕೂಡಿಸುವ ಕನ್ವರ್ಟರ್ ಸಿಗುತ್ತದೆ. ಕಾರಿಗೆ ಅದನ್ನು ಯಾವ ಕಾರಣಕ್ಕೂ ಬಳಸಬೇಡಿ. ಕಂಪ್ಯೂಟರಿಗೆ ಹಾಕುವ ಸಾಲು ಸಾಕೆಟ್ಟಿನ ಸ್ಪೈಕ್ ಗಾರ್ಡ್ ಕೂಡ ಬೇಡ. ಇನ್ವರ್ಟರ್ ಲೈನಿನ ಪ್ಲಗ್ಗಂತೂ ಬೇಡವೇ ಬೇಡ.

ಪಿನ್ ಒಳಗೆ ಹಾಕುವಾಗ ಸ್ವಲ್ಪ ಬಿಗಿ ಅನಿಸಬೇಕು. ಸಡಿಲವಾಗಿ ಜಾರಿದರೆ, ಅಲ್ಲಾಡಿದರೆ, ಸಾಕೆಟ್ಟಿನ ಸುತ್ತ ಕಂದು ಬಣ್ಣ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಮೊದಲು ಸಾಕೆಟ್ ಬದಲಿಸಿ. ಹಳೇ ಮನೆಯಾದರೆ ಗೋಡೆಯೊಳಗೆ ಯಾವ ವೈರ್ ಇದೆ ಎಂದೂ ವೈರ್‌ಮನ್‌ಗೆ ತೋರಿಸಿ. ಪಟ್ಟಿ ವೈರಿಂಗ್ ಇರುವ, ಅಲ್ಯೂಮಿನಿಯಂ ತಂತಿಯ ಮನೆಗಳಲ್ಲಿ ಈ ಲೋಡ್ ಹಾಕುವ ಯೋಚನೆಯೇ ಬೇಡ.

'ಎಂಸಿಬಿ ಐತಿ ಬಿಡ್ರಿ'

ಈ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ಏನಾದರೂ ಆದರೆ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಮೇನ್ ಬೋರ್ಡಿನ ಸ್ವಿಚ್) ಬೀಳುತ್ತದೆ, ಭಯ ಯಾಕೆ ಅಂತ. ಇಲ್ಲೇ ಎಡವಟ್ಟಾಗುವುದು.

ಎಂಸಿಬಿ ನೋಡುವುದು ಕರೆಂಟ್ ಎಷ್ಟು ಹರಿಯುತ್ತಿದೆ ಎಂಬುದನ್ನು. 16 ಆಂಪಿಯರಿನ ಎಂಸಿಬಿಗೆ 15 ಆಂಪಿಯರ್ ಹರಿದರೆ ಎಲ್ಲವೂ ಸರಿ ಎಂದೇ ಲೆಕ್ಕ. ಈಗ ಪಿನ್ನು ಸಾಕೆಟ್ಟಿನಲ್ಲಿ ಸಡಿಲ ಇದೆ ಎನ್ನಿ. ಆ ಜಾಗದಲ್ಲಿ ಬರೀ 0.1 ಓಮ್ ಅಡ್ಡಿ ಬಂದರೂ 15 ಆಂಪಿಯರಿಗೆ ಅಲ್ಲಿ ಹುಟ್ಟುವ ಶಾಖ 22.5 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು. ಅಂಥದೊಂದು ಕಡ್ಡಿಯನ್ನು ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ಚುಚ್ಚಿ ರಾತ್ರಿಯಿಡೀ ಬಿಟ್ಟ ಹಾಗೆ. ಆದರೆ ಕರೆಂಟ್ 15 ಆಂಪಿಯರ್ ದಾಟಿಲ್ಲ. ಹಾಗಾಗಿ ಎಂಸಿಬಿ ಬೀಳುವುದಿಲ್ಲ. ಕರೆಂಟ್ ನೆಲಕ್ಕೆ ಸೋರಿಲ್ಲ. ಹಾಗಾಗಿ ಸೋರಿಕೆ ಕಂಡರೆ ಲೈನ್ ಕಡಿಯುವ ಆರ್‌ಸಿಸಿಬಿಯೂ ಬೀಳುವುದಿಲ್ಲ. ಬಿಸಿಗೆ ಸಾಕೆಟ್ಟಿನ ಸ್ಪ್ರಿಂಗ್ ಇನ್ನೂ ಸಡಿಲ ಆಗುತ್ತದೆ, ಲೋಹ ಕಪ್ಪಾಗುತ್ತದೆ, ಅಡ್ಡಿ ಇನ್ನೂ ಜಾಸ್ತಿ ಆಗುತ್ತದೆ. ಬೆಂಕಿ ಹತ್ತಿದ ಮೇಲೆ ಶಾರ್ಟ್ ಆಗಿ ಎಂಸಿಬಿ ಬಿದ್ದರೆ ಏನು ಬಂತು?

ಕೆಲವು ಕಾರುಗಳ ಚಾರ್ಜರಿನ ಪಿನ್ನಲ್ಲೇ ಶಾಖ ಅಳೆಯುವ ಸೆನ್ಸರ್ ಇರುತ್ತದೆ. ಬಿಸಿ ಹೆಚ್ಚಾದರೆ ಅದು ಕರೆಂಟ್ ಇಳಿಸುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ಒಳ್ಳೆಯದೇ. ಆದರೆ ಎಕ್ಸ್‌ಟೆನ್ಶನ್ ಹಾಕಿದ ಕೂಡಲೇ ಆ ಸೆನ್ಸರ್ ಇರುವ ಪಿನ್ ಅಂಗಳಕ್ಕೆ ಬಂತು. ಗೋಡೆಯಲ್ಲಿ ಕೂತದ್ದು ಎಕ್ಸ್‌ಟೆನ್ಶನ್ನಿನ ಪಿನ್. ಅದು ಕರಗುತ್ತಿದ್ದರೂ ಚಾರ್ಜರಿಗೆ ಗೊತ್ತಾಗುವುದಿಲ್ಲ. ಅಲ್ಲಿ ಕಾಯಬೇಕಾದದ್ದು ನಿಮ್ಮ ಕೈ ಮಾತ್ರ.

ವೈರ್ ಆರಿಸುವುದು

ದಪ್ಪದ ಲೆಕ್ಕವನ್ನು ಸ್ಕ್ವೇರ್ ಎಂಎಂನಲ್ಲಿ ಹೇಳುತ್ತಾರೆ. 20 ಮೀಟರ್ ಉದ್ದದ ತಾಮ್ರದ ವೈರ್ ತೆಗೆದುಕೊಳ್ಳಿ. ಹೋಗುವ ತಂತಿ, ಬರುವ ತಂತಿ ಸೇರಿ 40 ಮೀಟರ್ ಆಯಿತು. ಒಂದು ಸ್ಕ್ವೇರ್ ಎಂಎಂ ವೈರಿನಲ್ಲಿ 15 ಆಂಪಿಯರ್ ಹರಿಸಿದರೆ ವೈರಿನಲ್ಲೇ ಸುಮಾರು 175 ವ್ಯಾಟ್ ಶಾಖವಾಗಿ ಹೋಗುತ್ತದೆ. ಎರಡೂವರೆ ಸ್ಕ್ವೇರ್ ಎಂಎಂನಲ್ಲಿ ಅದು 72 ವ್ಯಾಟ್. ನಾಲ್ಕರಲ್ಲಿ 45. ಹಾಗಾಗಿ ಎರಡೂವರೆಗಿಂತ ಕಡಿಮೆ ಬೇಡ, ಹತ್ತು ಮೀಟರ್ ದಾಟಿದರೆ ನಾಲ್ಕಕ್ಕೇ ಹೋಗಿ. ಮೂರು ಕೋರ್ ಇರಬೇಕು: ಫೇಸ್, ನ್ಯೂಟ್ರಲ್, ಅರ್ಥ್. ವೈರಿನ ಮೇಲೆ ಐಎಸ್‌ಐ ಗುರುತು, ಐಎಸ್ 694 ಎಂಬ ಅಚ್ಚು ಇದೆಯಾ ನೋಡಿ.

ಅಗ್ಗಕ್ಕೆ ಸಿಗುವ ವೈರಿನಲ್ಲಿ ಒಂದು ಮೋಸ ಇದೆ. ಹೊರಗೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ತುದಿಯ ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಕೈಯಲ್ಲಿ ಹಿಡಿದರೂ ಹಗುರ ಅನಿಸುತ್ತದೆ.

ನಮ್ಮ ಕಡೆಯ ಬಿಸಿಲಿನದು ಬೇರೆಯೇ ಲೆಕ್ಕ. ಸಾಮಾನ್ಯ ಪಿವಿಸಿ ವೈರಿನ ಹೊದಿಕೆ ತಡೆಯುವುದು 70 ಡಿಗ್ರಿ ತನಕ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಹೊಸದಲ್ಲ. ವೈರ್ ಬಿಸಿಯಾಗಲು ಉಳಿದದ್ದು ಬರೀ 30 ಡಿಗ್ರಿ. ಬಿಸಿಲಿಗೆ ಕಾದ ಪರಸಿ ಕಲ್ಲಿನ ಮೇಲೆ ಹಾಸಿದರೆ ಅದೂ ಇಲ್ಲ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಚಾರ್ಜ್ ಹಚ್ಚುವುದು ಜಾಣತನ. ಎಂಸಿಬಿಗಳೂ 30 ಡಿಗ್ರಿಯ ಲೆಕ್ಕದಲ್ಲಿ ತಯಾರಾದವು. ಸೆಕೆಯಲ್ಲಿ ಅವು ಬೇಗ ಬೀಳುತ್ತವೆ. ಬಿತ್ತು ಅಂತ 32 ಆಂಪಿಯರಿನದು ಹಾಕಿಸಿಬಿಡುವವರಿದ್ದಾರೆ. ಗೋಡೆಯೊಳಗಿನ ವೈರ್ ಹಳೆಯದೇ ಇರುವಾಗ ದೊಡ್ಡ ಎಂಸಿಬಿ ಹಾಕುವುದು ಎಂದರೆ ಕಾವಲುಗಾರನಿಗೆ ರಜೆ ಕೊಟ್ಟ ಹಾಗಾಯಿತು.

ಅರ್ಥಿಂಗ್: ಎರಿ ಭೂಮಿಯ ತಕರಾರು

ಚಾರ್ಜರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಬಂದು ಚಾರ್ಜ್ ಆಗುತ್ತಿಲ್ಲ ಎಂದರೆ ಬಹಳ ಸಲ ಕಾರಣ ಅರ್ಥಿಂಗ್. ಕಾರಿನ ಚಾರ್ಜರ್ ಮೊದಲು ಅರ್ಥ್ ಇದೆಯಾ ಎಂದು ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಶುರುವೇ ಮಾಡುವುದಿಲ್ಲ. ಮಿಕ್ಸಿ, ಫ್ರಿಜ್ ಇಷ್ಟು ತಕರಾರು ತೆಗೆಯುವುದಿಲ್ಲ. ಹಾಗಾಗಿ ಮನೆಯಲ್ಲಿ ಅರ್ಥಿಂಗ್ ಇಲ್ಲ ಎಂಬುದು ಕಾರು ಬಂದ ಮೇಲೆಯೇ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಸರಿ ಇದ್ದದ್ದು ಬೇಸಿಗೆಯಲ್ಲಿ ಕೈಕೊಡುವುದೂ ಉಂಟು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಹಸಿ ಇದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಒಣಗಿದಾಗ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಇದಕ್ಕೇ ಹಿರಿಯರು ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಆಗಾಗ ಒಂದೆರಡು ಕೊಡ ನೀರು ಹಾಕುತ್ತಿದ್ದರು. ಈಗ ಎಷ್ಟೋ ಮನೆಗಳಲ್ಲಿ ಆ ಗುಂಡಿಯ ಮೇಲೆ ಟೈಲ್ಸ್ ಕೂತಿದೆ. ವೈರ್‌ಮನ್‌ನನ್ನು ಕರೆದು ಅರ್ಥ್ ಟೆಸ್ಟರಿನಿಂದ ಅಳೆಸಿ. 5 ಓಮ್‌ನ ಒಳಗೆ ಬಂದರೆ ಒಳ್ಳೆಯದು.

ಕೆಂಪು ದೀಪ ಹೋಗಲಿ ಅಂತ ಪ್ಲಗ್ಗಿನ ಒಳಗೆ ನ್ಯೂಟ್ರಲ್ ಮತ್ತು ಅರ್ಥ್ ಕೂಡಿಸಿಬಿಡುವ ಒಂದು ಕೆಟ್ಟ ಉಪಾಯ ಇದೆ. 'ಏನೂ ಆಗಾಂಗಿಲ್ರೀ, ಎಲ್ಲಾ ಕಡೆ ಹಿಂಗ ಮಾಡ್ತೀವಿ' ಎಂದು ಹೇಳಿ ಮಾಡಿಕೊಡುವವರೂ ಇದ್ದಾರೆ. ಒಪ್ಪಬೇಡಿ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ. ಆದರೆ ಎಲ್ಲೋ ನ್ಯೂಟ್ರಲ್ ತಂತಿ ಕಡಿದು ಹೋದರೆ, ಇಲ್ಲವೇ ಫೇಸ್ ನ್ಯೂಟ್ರಲ್ ಅದಲು ಬದಲಾದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬಂದು ಕೂರುತ್ತದೆ. ಕಾರು ನಿಂತಿರುವುದು ರಬ್ಬರ್ ಟೈರಿನ ಮೇಲೆ. ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಇಲ್ಲ. ಬರಿಗಾಲಲ್ಲಿ ಅಂಗಳಕ್ಕೆ ನೀರು ಹೊಡೆಯುತ್ತ ಕಾರಿನ ಬಾಗಿಲು ಮುಟ್ಟಿದವರೇ ಆ ದಾರಿ ಆಗುತ್ತಾರೆ.

ಚಾರ್ಜ್ ಮಾಡುವ ಪ್ಲಗ್ಗಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕಾರಿನ ಲೈನಿಗೆ ಎಂದು ಹೇಳಿ 'ಟೈಪ್ ಎ' ಕೇಳಿ. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ವೈರ್ ಹಾಸುವುದು

ಸುರುಳಿಯನ್ನು ಪೂರ್ತಿ ಬಿಚ್ಚಿ. ಐದೇ ಮೀಟರ್ ಸಾಕು, ಉಳಿದದ್ದು ಡ್ರಮ್ಮಿನಲ್ಲೇ ಇರಲಿ ಎನ್ನಬೇಡಿ. ಮೇಲೆ ಹೇಳಿದ ಶಾಖ ಉದ್ದಕ್ಕೂ ಹರಡಿದ್ದರೆ ಗಾಳಿಗೆ ಆರುತ್ತದೆ. ಸುರುಳಿಯಲ್ಲಿ ಅಷ್ಟೂ ಒಂದೇ ಕಡೆ ಸೇರಿ ಒಳಗಿನ ಸುತ್ತುಗಳು ಕರಗುತ್ತವೆ. ಚಾಪೆ, ಕಾರ್ಪೆಟ್ ಕೆಳಗೂ ಹಾಕಬೇಡಿ. ಒಂದು ಎಕ್ಸ್‌ಟೆನ್ಶನ್ನಿಗೆ ಇನ್ನೊಂದನ್ನು ಕೂಡಿಸಬೇಡಿ. ಪ್ರತಿ ಜೋಡಣೆಯೂ ಬಿಸಿಯಾಗುವ ಇನ್ನೊಂದು ಜಾಗ. ಕಿಟಕಿಯ ಬಾಗಿಲ ಸಂದಿಯಲ್ಲಿ ಸಿಕ್ಕಿಸಿದರೆ ವೈರ್ ಜಜ್ಜಿಹೋಗುತ್ತದೆ.

ಎಕ್ಸ್‌ಟೆನ್ಶನ್ನೂ ಚಾರ್ಜರೂ ಕೂಡುವ ಜಾಗ ಪಡಸಾಲೆಯಲ್ಲೋ ಜಗಲಿಯ ಮಾಡಿನ ಕೆಳಗೋ ಇರಲಿ. ಹೊರಗೆ ಹೋಗುವುದು ಚಾರ್ಜರಿನ ಸ್ವಂತ ಕೇಬಲ್ ಮಾತ್ರ ಆಗಿರಲಿ. ಬೆಳಗಾವಿಯ ಜೂನ್, ಜುಲೈ ಮಳೆಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಜೋಡಣೆಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಾರಿನ ಕೆಳಗೆ ಇಡುವವರಿದ್ದಾರೆ. ಚೀಲದೊಳಗೆ ಬೆವರು ನೀರು ನಿಲ್ಲುತ್ತದೆ, ಬಿಸಿಯೂ ಹೊರಗೆ ಹೋಗುವುದಿಲ್ಲ. ಚಾರ್ಜರಿನ ಪೆಟ್ಟಿಗೆಯನ್ನು ಪಿನ್ನಿನಿಂದ ಜೋತುಬಿಡಬೇಡಿ. ಅದರ ಭಾರಕ್ಕೆ ಪಿನ್ ಸಡಿಲ ಆಗುತ್ತದೆ. ಒಂದು ಮೊಳೆ ಹೊಡೆದು ನೇತುಹಾಕಿ.

ಓಣಿಗೆ ಅಡ್ಡ ವೈರ್ ಹಾಕುವುದಕ್ಕೆ ನನ್ನ ಬಳಿ ಉಪಾಯ ಇಲ್ಲ. ಟಂಟಂ, ಟ್ರ್ಯಾಕ್ಟರ್ ಅದರ ಮೇಲೆ ಹಾಯುತ್ತವೆ, ಮಕ್ಕಳು ಎಡವುತ್ತಾರೆ. ಕಾರು ಓಣಿಯ ಆಚೆ ಬದಿ ನಿಲ್ಲುತ್ತದೆ ಎಂದಾದರೆ ಸಾರ್ವಜನಿಕ ಚಾರ್ಜರಿಗೆ ಹೋಗುವುದೇ ಸರಿ.

ಮೊದಲ ಒಂದು ಗಂಟೆ

ಹಲವು ಕಾರುಗಳಲ್ಲಿ, ಇಲ್ಲವೇ ಚಾರ್ಜರಿನಲ್ಲೇ, ಕರೆಂಟ್ ಇಳಿಸುವ ಸೆಟ್ಟಿಂಗ್ ಇರುತ್ತದೆ. ಎಕ್ಸ್‌ಟೆನ್ಶನ್ ಹಾಕಿದ ದಿನ ಅದನ್ನು 10 ಆಂಪಿಯರಿಗೆ ಇಳಿಸಿ. ಹೊತ್ತು ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 15ರಿಂದ 10ಕ್ಕೆ ಇಳಿದರೆ ಶಾಖ ಅರ್ಧಕ್ಕಿಂತ ಕಡಿಮೆ.

ಅರ್ಧ ಗಂಟೆಯಾದಾಗ ಒಮ್ಮೆ, ಒಂದು ಗಂಟೆಯಾದಾಗ ಇನ್ನೊಮ್ಮೆ ಎದ್ದು ನೋಡಿ. ಮೊದಲು ಕಾರಿನಿಂದ ಚಾರ್ಜಿಂಗ್ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ. ಆಮೇಲೆ ಒಣ ಕೈಯ ಹಿಂಬದಿಯಿಂದ ಗೋಡೆಯ ಪ್ಲಗ್ಗಿನ ಹೊರ ಪ್ಲಾಸ್ಟಿಕ್ ಮುಟ್ಟಿ. ಚಾರ್ಜರ್ ಕೂಡುವ ಜೋಡಣೆಯನ್ನೂ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಐದು ಸೆಕೆಂಡ್ ಕೈ ಇಡಲಾಗದಷ್ಟು ಸುಟ್ಟರೆ ಆ ರಾತ್ರಿಯ ಚಾರ್ಜಿಂಗ್ ಮುಗಿಯಿತು. ತಣ್ಣಗಾದ ಮೇಲೆ ಕಿತ್ತು ಪಿನ್ ನೋಡಿ. ನೀಲಿಯೋ ಕಪ್ಪೋ ಆಗಿದ್ದರೆ ಪಿನ್ನೂ ಹೋಗಬೇಕು, ಸಾಕೆಟ್ಟೂ ಹೋಗಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಚಾರ್ಜ್ ಆಗುತ್ತಿರುವಾಗ ಸುಮ್ನೆ ಪಿನ್ ಕೀಳಬೇಡಿ, ಕಿಡಿ ಹಾರುತ್ತದೆ.

ಸುಟ್ಟ ವಾಸನೆ ಬಂದರೆ ಪ್ಲಗ್ಗಿಗೆ ಕೈ ಹಾಕಬೇಡಿ. ಮೇನ್ ಬೋರ್ಡಿನಲ್ಲಿ ಎಂಸಿಬಿ ಇಳಿಸಿ. ಕರೆಂಟ್ ಇರುವಾಗ ನೀರು ಸುರಿಯಬೇಡಿ. ಬೆಂಕಿ ಕಂಡರೆ 112ಕ್ಕೆ ಫೋನ್ ಮಾಡಿ.

ಕಾಯಂ ಪರಿಹಾರ

ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ ಬೇರೆಯೇ ಲೈನ್ ಎಳೆಸಿ. ನಾಲ್ಕು ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೇ ಒಂದು 20 ಆಂಪಿಯರ್ ಎಂಸಿಬಿ, ಒಂದು ಆರ್‌ಸಿಸಿಬಿ, ಮುಚ್ಚಳ ಇರುವ ಒಳ್ಳೆಯ 16 ಆಂಪಿಯರ್ ಸಾಕೆಟ್. ಚಾರ್ಜಿಂಗ್ ಸ್ಟೇಷನ್ನುಗಳಿಗೆ ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರ ಇರಬೇಕೆಂಬ ನಿಯಮ ಇದೆ. ಮನೆಗೂ ಅದನ್ನೇ ಪಾಲಿಸಿ, ನೀರು ನಿಂತರೂ ಸಾಕೆಟ್ ತನಕ ಬರುವುದಿಲ್ಲ. ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಗೇ ಕೊಡಿ. ಮನೆಯ ಕರೆಂಟಿನಲ್ಲೇ ಕಾರು ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಆದರೆ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಒಂದು ಎರಡು ಕಿಲೋವ್ಯಾಟ್ ಇದ್ದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟಿನ ಚಾರ್ಜರ್ ಬೇಕೆಂದರೆ ಅದು 32 ಆಂಪಿಯರಿನ ಮಾತು. ವೈರ್, ಎಂಸಿಬಿ ಎಲ್ಲವೂ ಬೇರೆ.

ಹೊಸ ಲೈನ್ ಬಂದ ದಿನ ಹಳೇ ಎಕ್ಸ್‌ಟೆನ್ಶನ್ನಿನ ಎರಡೂ ತುದಿ ಕತ್ತರಿಸಿ ಗುಜರಿಗೆ ಹಾಕಿ. ಪಿನ್ ಕರಗಿದ ವೈರನ್ನು ಮೂಲೆಯಲ್ಲಿ ಹಾಗೇ ಇಟ್ಟರೆ ಭಾದ್ರಪದದಲ್ಲಿ ಓಣಿಯ ಹುಡುಗರು ಬಂದು ಗಣಪತಿ ಪೆಂಡಾಲಿಗೆ ಅದನ್ನೇ ಒಯ್ಯುತ್ತಾರೆ.